ಹಸಿರು ಗುರುತು ಬಿದ್ದರೂ ಆ್ಯಕ್ಟಿವೇಟ್ ಆಗದ ಎನ್ವಿರಾನ್‌ಮೆಂಟ್

ಇವತ್ತು ಸಂಜೆ ಮತ್ತೊಂದು ಗೂಗಲ್ ಕೊಲ್ಯಾಬ್ (ಬ್ರೌಸರ್‌ನಲ್ಲೇ ಪೈಥಾನ್ ಕೋಡ್ ಓಡಿಸುವ ಸೇವೆ) ನೋಟ್‌ಬುಕ್ ನನ್ನ ಮುಂದೆ ಬಂತು. ಅದರಲ್ಲೂ ಅದೇ ಕೆಲಸಕ್ಕೆ ಬಾರದ ಆ್ಯಕ್ಟಿವೇಟ್ ಸಾಲು. ಕಳುಹಿಸಿದವಳು ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಜಿಪಿಯು (ಭಾರೀ ಲೆಕ್ಕಾಚಾರ ಮಾಡುವ ಚಿಪ್) ಇರುವ ಲ್ಯಾಪ್‌ಟಾಪ್ ಕೊಳ್ಳಲಾಗದ ಎಷ್ಟೋ ಮಕ್ಕಳಂತೆ ಅವಳ ಪ್ರಾಜೆಕ್ಟ್ ಕೂಡ ಪೂರ್ತಿಯಾಗಿ ಕೊಲ್ಯಾಬ್ ಮೇಲೆಯೇ ನಿಂತಿದೆ. ಯಾವುದೋ ವಿಡಿಯೋ ನೋಡಿ ಮೊದಲ ಸೆಲ್‌ನಲ್ಲಿ (ಕೋಡ್ ಬರೆಯುವ ಚೌಕದಲ್ಲಿ) ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಪ್ರಾಜೆಕ್ಟ್‌ನ ಲೈಬ್ರರಿಗಳನ್ನು ಪ್ರತ್ಯೇಕವಾಗಿಡುವ ಫೋಲ್ಡರ್, ಸೃಷ್ಟಿಸಿದ್ದಾಳೆ, ಎರಡನೆಯದರಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ 'ಸೋರ್ಸ್ ವೆನ್ವ್/ಬಿನ್/ಆ್ಯಕ್ಟಿವೇಟ್' ಎಂದು ಬರೆದಿದ್ದಾಳೆ, ಮೂರನೆಯದರಲ್ಲಿ ನಂಪೈ ಎಂಬ ಗಣಿತದ ಲೈಬ್ರರಿಯ ಹಳೆಯ ಆವೃತ್ತಿಯನ್ನು ಪಿಪ್ (ಪೈಥಾನ್ ಪ್ಯಾಕೇಜ್‌ಗಳನ್ನು ಹಾಕಿಕೊಡುವ ಸಾಧನ) ಮೂಲಕ ಇನ್‌ಸ್ಟಾಲ್ ಮಾಡಿದ್ದಾಳೆ. ಮೂರೂ ಸೆಲ್‌ಗಳ ಪಕ್ಕದಲ್ಲಿ ಹಸಿರು ಗುರುತು ಬಿದ್ದಿದೆ. ಆದರೆ ಆ ನಂಪೈ ಅವಳ ಎನ್ವಿರಾನ್‌ಮೆಂಟ್‌ಗೆ ಹೋಗಿರಲೇ ಇಲ್ಲ. ಅದು ಕೊಲ್ಯಾಬ್‌ನ ಮೂಲ ಪೈಥಾನ್‌ಗೆ ಸೇರಿಕೊಂಡು, ಅಲ್ಲಿ ಮೊದಲೇ ಇದ್ದ ಲೈಬ್ರರಿಗಳ ಜೊತೆ ಜಗಳಕ್ಕೆ ನಿಂತಿತ್ತು.

ನಾನು ಬಿಡುವಿನಲ್ಲಿ ಇಂತಹ ನೋಟ್‌ಬುಕ್‌ಗಳನ್ನು ಬಿಡಿಸುತ್ತಾ ಕೂರುವುದು ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಸಿಟ್ಟು ಯಾರ ಮೇಲೆ ಎಂಬುದನ್ನು ನೇರವಾಗಿ ಹೇಳುತ್ತೇನೆ: ಆ ಹುಡುಗಿಯ ಮೇಲಲ್ಲ, ಆ ಸಾಲನ್ನು ಪರೀಕ್ಷಿಸದೆ ಕಲಿಸುತ್ತಿರುವವರ ಮೇಲೆ. ಅದು ಕೆಲಸ ಮಾಡುವುದಿಲ್ಲ, ಮಾಡುವುದಕ್ಕೆ ಸಾಧ್ಯವೂ ಇಲ್ಲ. ಆಶ್ಚರ್ಯಸೂಚಕ ಚಿಹ್ನೆಯಿಂದ ಆರಂಭವಾಗುವ ಪ್ರತಿಯೊಂದು ಸಾಲಿಗೂ ನೋಟ್‌ಬುಕ್ ಹೊಸದೊಂದು ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ತೆರೆಯುತ್ತದೆ, ಸಾಲು ಮುಗಿದ ಕೂಡಲೇ ಆ ಶೆಲ್ ಸತ್ತುಹೋಗುತ್ತದೆ. ಆ್ಯಕ್ಟಿವೇಟ್ ಎಂಬ ಕಡತ ಮಾಡುವುದಾದರೂ ಏನು? ತನ್ನನ್ನು ಓದಿದ ಶೆಲ್‌ನ 'ಪಾತ್' ಎಂಬ, ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ ಎನ್ವಿರಾನ್‌ಮೆಂಟ್‌ನ ಬಿನ್ ಫೋಲ್ಡರನ್ನು ಎಲ್ಲಕ್ಕಿಂತ ಮುಂದೆ ಇಡುತ್ತದೆ, ಇನ್ನೊಂದೆರಡು ವೇರಿಯಬಲ್‌ಗಳನ್ನು ಬದಲಾಯಿಸುತ್ತದೆ, ಅಷ್ಟೇ. ಶೆಲ್ ಹೋದ ಮೇಲೆ ಆ ಬದಲಾವಣೆಯೂ ಹೋಯಿತು. ಮುಂದಿನ ಸೆಲ್‌ನ ಪಿಪ್‌ಗೆ ಅದರ ಸುಳಿವೇ ಇರುವುದಿಲ್ಲ. '!ಸಿಡಿ' ಎಂದು ಬರೆದರೆ ಫೋಲ್ಡರ್ ಬದಲಾಗದೆ ಉಳಿಯುವುದಕ್ಕೂ ಇದೇ ಕಾರಣ.

ಇಷ್ಟನ್ನು ವಿವರಿಸಲು ಎರಡು ನಿಮಿಷ ಬೇಕಾಗುವುದಿಲ್ಲ. ಆದರೂ ಪಾಠ ಮಾಡುವವರು ತಮ್ಮ ಲ್ಯಾಪ್‌ಟಾಪ್‌ನ ಟರ್ಮಿನಲ್‌ನಲ್ಲಿ ನಡೆದದ್ದನ್ನು ಹಾಗೆಯೇ ತಂದು, ಮುಂದೆ ಒಂದು ಚಿಹ್ನೆ ಅಂಟಿಸಿ, ಮುಂದಿನ ವಿಷಯಕ್ಕೆ ಹಾರಿಬಿಡುತ್ತಾರೆ.

ಎರರ್ ಬಂದರಾದರೂ ಹುಡುಕಲು ಒಂದು ಎಳೆ ಸಿಗುತ್ತದೆ. ಉಬುಂಟು (ಲಿನಕ್ಸ್‌ನ ಒಂದು ಬಗೆ) ಯಂತ್ರದಲ್ಲಿ ಎನ್ವಿರಾನ್‌ಮೆಂಟ್ ಸೃಷ್ಟಿಗೆ ಬೇಕಾದ 'ಪೈಥಾನ್3-ವೆನ್ವ್' ಪ್ಯಾಕೇಜ್ ಇಲ್ಲದಿದ್ದರೆ 'ಎನ್ಶೂರ್‌ಪಿಪ್ (ಪಿಪ್ ಕೂರಿಸುವ ಭಾಗ) ಲಭ್ಯವಿಲ್ಲ' ಎಂಬ ಸಂದೇಶದೊಂದಿಗೆ ಸೃಷ್ಟಿ ಅರ್ಧಕ್ಕೇ ನಿಲ್ಲುತ್ತದೆ. ಮೋಸ ಇರುವುದು ಇಲ್ಲಿಯೇ: ಫೋಲ್ಡರ್ ಆಗಲೇ ತಯಾರಾಗಿರುತ್ತದೆ, ಬಿನ್ ಒಳಗೆ ಪೈಥಾನ್ ಲಿಂಕ್ ಕೂಡ ಇರುತ್ತದೆ, ಆದರೆ ಆ್ಯಕ್ಟಿವೇಟ್ ಕಡತ ಮಾತ್ರ ಇರುವುದಿಲ್ಲ, ಏಕೆಂದರೆ ಅದನ್ನು ಬರೆಯುವ ಸರದಿ ಪಿಪ್ ಕೂತ ನಂತರದ್ದು. ಆಮೇಲೆ 'ಅಂತಹ ಕಡತ ಇಲ್ಲ' ಎಂಬ ದೂರು ಬಂದಾಗ ಮಕ್ಕಳು ಕಾಗುಣಿತ ತಿದ್ದುತ್ತಾ ಕೂರುತ್ತಾರೆ. ಆ ಪ್ಯಾಕೇಜನ್ನು ಏಪಿಟಿ (ಉಬುಂಟುವಿನ ಪ್ಯಾಕೇಜ್ ಸಾಧನ) ಮೂಲಕ ಹಾಕಿಕೊಂಡು, ಅಥವಾ ಪಿಪ್‌ನಿಂದ ಅದೇ ಕೆಲಸ ಮಾಡುವ 'ವರ್ಚುವಲ್‌ಎನ್ವ್' ತಂದುಕೊಂಡು, ಹಳೆಯ ಫೋಲ್ಡರನ್ನು ಅಳಿಸಿ ಹೊಸದಾಗಿ ಸೃಷ್ಟಿಸಿದರೆ ಇದು ಪರಿಹಾರವಾಗುತ್ತದೆ. ಕೊಲ್ಯಾಬ್‌ಗೆ ಮೌಂಟ್ ಮಾಡಿದ (ಜೋಡಿಸಿದ) ಗೂಗಲ್ ಡ್ರೈವ್ ಒಳಗೆ ಸೃಷ್ಟಿಸಲು ಮಾತ್ರ ಹೋಗಬೇಡಿ. ಲಿನಕ್ಸ್‌ನಲ್ಲಿ ವೆನ್ವ್ ಸಿಂಬಾಲಿಕ್ ಲಿಂಕ್‌ಗಳನ್ನು (ಬೇರೆಡೆ ಇರುವ ಕಡತದತ್ತ ಬೊಟ್ಟು ಮಾಡುವ ಕೊಂಡಿಗಳನ್ನು) ನೆಚ್ಚಿಕೊಂಡಿದೆ, ಡ್ರೈವ್ ಅವುಗಳನ್ನು ಒಪ್ಪುವುದಿಲ್ಲ.

"ಹೊಸಬರಿಗೆ ಶೆಲ್, ಪ್ರೊಸೆಸ್ ಎಂದೆಲ್ಲ ಹೇಳಿ ಯಾಕೆ ಹೆದರಿಸಬೇಕು, ಕಮಾಂಡ್ ಕೊಟ್ಟರೆ ಸಾಲದೇ?" ಎಂದು ಕೇಳುವವರಿದ್ದಾರೆ. ಕೊಟ್ಟ ಕಮಾಂಡ್ ಕೆಲಸ ಮಾಡುವಂತಿದ್ದರೆ ಈ ವಾದಕ್ಕೆ ಸ್ವಲ್ಪವಾದರೂ ಬೆಲೆ ಇರುತ್ತಿತ್ತು. ಕೆಲಸವನ್ನೇ ಮಾಡದ ಕಮಾಂಡನ್ನು ಸರಳತೆಯ ಹೆಸರಿನಲ್ಲಿ ಕೊಡುವುದು ಯಾವ ನ್ಯಾಯ? ನನಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಗುವುದು ಇದಕ್ಕೆ: ಈ ಮಕ್ಕಳು "ಸರ್, ನನಗೆ ಪೈಥಾನ್ ಬರಲ್ಲ ಅನ್ಸತ್ತೆ" ಎಂದು ಮೆಸೇಜ್ ಆರಂಭಿಸುತ್ತಾರೆ. ಅವರಿಗೆ ಚೆನ್ನಾಗಿಯೇ ಬರುತ್ತದೆ. ಅವರಿಗೆ ಸಿಕ್ಕ ಪಾಠ ತಪ್ಪಾಗಿತ್ತು.

ನಿಜ ಹೇಳಬೇಕೆಂದರೆ ಆ್ಯಕ್ಟಿವೇಟ್ ಮಾಡುವ ಅಗತ್ಯವೇ ಇಲ್ಲ. ಅದು ಟರ್ಮಿನಲ್‌ನಲ್ಲಿ ಕೂತು ಟೈಪ್ ಮಾಡುವವರ ಅನುಕೂಲಕ್ಕಾಗಿ ಇರುವ ವ್ಯವಸ್ಥೆ. ನೋಟ್‌ಬುಕ್‌ನಲ್ಲಿ '!ವೆನ್ವ್/ಬಿನ್/ಪಿಪ್' ಎಂದು ಪೂರ್ತಿ ದಾರಿ ಕೊಟ್ಟು ಇನ್‌ಸ್ಟಾಲ್ ಮಾಡಿ, '!ವೆನ್ವ್/ಬಿನ್/ಪೈಥಾನ್' ಎಂದು ಬರೆದು ಸ್ಕ್ರಿಪ್ಟ್ ಓಡಿಸಿ. ಎಲ್ಲವೂ ಅದರ ಒಳಗೇ ನಡೆಯುತ್ತದೆ. ಆ್ಯಕ್ಟಿವೇಟ್ ಬೇಕೇ ಬೇಕೆಂದರೆ ಸೆಲ್‌ನ ತಲೆಗೆ '%%ಬ್ಯಾಶ್' ಹಾಕಿ, ಆಗ ಇಡೀ ಸೆಲ್ ಒಂದೇ ಶೆಲ್‌ನಲ್ಲಿ ನಡೆಯುವುದರಿಂದ ಸೆಲ್ ಮುಗಿಯುವವರೆಗೆ ಅದು ಉಳಿದಿರುತ್ತದೆ. ಆದರೆ ಒಂದು ಮಾತು ನೆನಪಿರಲಿ: ನೀವು ಸಾಮಾನ್ಯ ಸೆಲ್‌ನಲ್ಲಿ ಇಂಪೋರ್ಟ್ ಎಂದು ಬರೆದಾಗ ಉತ್ತರಿಸುವುದು ಕರ್ನಲ್, ಅಂದರೆ ಮೊದಲಿನಿಂದಲೂ ಓಡುತ್ತಿರುವ ಬೇರೆಯೇ ಪೈಥಾನ್. ಯಾವ ಶೆಲ್ ಕಮಾಂಡ್‌ನಿಂದಲೂ ಅದನ್ನು ಎನ್ವಿರಾನ್‌ಮೆಂಟ್ ಒಳಗೆ ಎಳೆದು ತರಲಾಗುವುದಿಲ್ಲ. ಹಾಗಾಗಿ '%%ರೈಟ್‌ಫೈಲ್' ಬಳಸಿ ಕೋಡನ್ನು ಕಡತಕ್ಕೆ ಬರೆದು, ಎನ್ವಿರಾನ್‌ಮೆಂಟ್‌ನ ಪೈಥಾನ್‌ನಿಂದಲೇ ಓಡಿಸಬೇಕು.

ವಿಡಿಯೋ ಮಾಡುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಆ್ಯಕ್ಟಿವೇಟ್ ಸಾಲು ತೋರಿಸಿದ ಮೇಲೆ ಮುಂದಿನ ಸೆಲ್‌ನಲ್ಲಿ ಯಾವ ಪೈಥಾನ್ ಬಳಕೆಯಲ್ಲಿದೆ ಎಂದು ತೋರಿಸುವ '!ವಿಚ್ ಪೈಥಾನ್' ಓಡಿಸಿ, ಬಂದ ಉತ್ತರವನ್ನು ಪರದೆಯ ಮೇಲೆ ತೋರಿಸಿ. ಈಗಾಗಲೇ ಹಾಕಿರುವ ವಿಡಿಯೋದಲ್ಲಿ ಆ ಸಾಲಿದ್ದರೆ ವಿವರಣೆಯಲ್ಲಿ ತಿದ್ದುಪಡಿ ಹಾಕಿ. ಇಲ್ಲಿ ಸಿಕ್ಕಿಬಿದ್ದಿರುವ ವಿದ್ಯಾರ್ಥಿಗಳು ಸಂಕೋಚವಿಲ್ಲದೆ ನನಗೆ ನೋಟ್‌ಬುಕ್ ಕಳುಹಿಸಬಹುದು. ಅದಕ್ಕೂ ಮೊದಲು ನೀವು ಬಳಸುತ್ತಿರುವ ಪೈಥಾನ್‌ನಿಂದ 'ಸಿಸ್.ಪ್ರಿಫಿಕ್ಸ್' ಮತ್ತು 'ಸಿಸ್.ಬೇಸ್_ಪ್ರಿಫಿಕ್ಸ್' ಎರಡನ್ನೂ ಪ್ರಿಂಟ್ ಮಾಡಿ ನೋಡಿ. ಎರಡೂ ಒಂದೇ ಆಗಿದ್ದರೆ ನೀವಿನ್ನೂ ಎನ್ವಿರಾನ್‌ಮೆಂಟ್‌ನ ಹೊರಗೇ ಇದ್ದೀರಿ.