‘ರಾತ್ರಿ ಆಪರೇಷನ್ ಬೇಡ’ ಸಂದೇಶದ ಬಗ್ಗೆ ಸ್ಪಷ್ಟನೆ

"ರಾತ್ರಿ ಆಪರೇಷನ್ ಮಾಡಿಸಿದರೆ ಸಾವಿನ ಅಪಾಯ ಎರಡು ಪಟ್ಟು, ಬೆಳಗಾಗುವವರೆಗೆ ಕಾಯಿರಿ" ಎಂಬ ವಾಟ್ಸ್ಆ್ಯಪ್ ಸಂದೇಶ ಓಡಾಡುತ್ತಿದೆ. ಅಂಕಿ ಸುಮ್ನೆ ಹುಟ್ಟಿದ್ದಲ್ಲ. ಕೆನಡಾದ ಮಾಂಟ್ರಿಯಲ್‌ನ ಒಂದು ಆಸ್ಪತ್ರೆಯ ಹಳೆಯ ದಾಖಲೆಗಳ ಅಧ್ಯಯನದಿಂದ 2016ರಲ್ಲಿ ಬಂದದ್ದು. ಆದರೆ ಸಲಹೆ ತಪ್ಪು, ಜೀವಕ್ಕೇ ಕುತ್ತು.

ರಾತ್ರಿ ಆಪರೇಷನ್ ಥಿಯೇಟರಿಗೆ ಬರುವವರಲ್ಲಿ ಕಾಯಲಾಗದವರೇ ಜಾಸ್ತಿ ಅಲ್ವಾ? ಆ ಅಧ್ಯಯನ ವಯಸ್ಸು, ಆರೋಗ್ಯಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು, ನಿಜ. ಆದರೂ ತುರ್ತಿನ ತೀವ್ರತೆ ಪೂರ್ತಿ ಲೆಕ್ಕಕ್ಕೆ ಸಿಗುವುದಿಲ್ಲ. ವೈದ್ಯರ ದಣಿವು, ಕಡಿಮೆ ಸಿಬ್ಬಂದಿ ಕೂಡ ಕಾರಣವಿರಬಹುದು. ಅದನ್ನು ಆಸ್ಪತ್ರೆಗಳೇ ಸರಿಪಡಿಸಬೇಕು.

ಹುಡುಗನ ವೃಷಣ ತಿರುಚಿಕೊಂಡರೆ ಸುಮಾರು 6 ಗಂಟೆಯೊಳಗೆ ಬಿಡಿಸಬೇಕು. ಗರ್ಭದ ಮಗುವಿನ ಎದೆಬಡಿತ ಕುಸಿದರೆ ನಿಮಿಷಗಳ ಮಾತು. "ಬೆಳಿಗ್ಗೆವರೆಗೆ ಕಾಯಬಹುದಾ?" ಎಂದು ಧಾರಾಳವಾಗಿ ಕೇಳಿ. ಆಗದು ಅಂದರೆ ದಯವಿಟ್ಟು ತಡಮಾಡಬೇಡಿ.