ಆ ಮೇಜಿನ ಫೋಟೊಗಳು ಕದ್ದು ತೆಗೆದವಲ್ಲ

ದಾವಣಗೆರೆಯ ಫೋಟೊ ಆಸಕ್ತರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಡಚ್ ಫೋಟೊಗ್ರಾಫರ್ ಜಾಕ್ವೆಲಿನ್ ಹ್ಯಾಸಿಂಕ್ ದೊಡ್ಡ ಕಂಪನಿಗಳ ಬೋರ್ಡ್ ರೂಮಿಗೆ ಕದ್ದು ನುಗ್ಗಿ ಫೋಟೊ ತೆಗೆದರಂತೆ. ಇದು ಸುಳ್ಳು.

1993ರಿಂದ 1995ರ ನಡುವೆ ಅವರು ಯುರೋಪಿನ 40 ಭಾರಿ ಕಂಪನಿಗಳ ಅನುಮತಿ ಕೇಳಿದರು. 21 ಒಪ್ಪಿದವು, ಉಳಿದವು ಆಗಲ್ಲ ಎಂದವು. ಅವರಿಗೆ ಬೇಕಿದ್ದದ್ದು ಆಡಳಿತ ಮಂಡಳಿ ಕೂರುವ ಮೇಜು, ಅಷ್ಟೇ. ಚಿತ್ರಗಳಲ್ಲಿ ಜನ ಇಲ್ಲ. ಮೇಜು, ಸುತ್ತ ಖಾಲಿ ಕುರ್ಚಿ. ಯಜಮಾನರ ಜಾಗ ಯಾವುದು ಅಂತ ನೋಡುವವರೇ ಊಹಿಸಬೇಕು. ನನಗಂತೂ ಆಗಲ್ಲ ಅಂದ ಕಂಪನಿಗಳ ಬಗ್ಗೆಯೇ ಜಾಸ್ತಿ ಕುತೂಹಲ. ಬಾಗಿಲು ತೆರೆಯದೇ ಇರೋದೂ ಅಧಿಕಾರವೇ ಅಲ್ವಾ?

ಮೆಸೇಜ್ ನಂಬಿ ನಮ್ಮೂರಿನ ಮಿಲ್ ಆಫೀಸಿಗೋ ಬ್ಯಾಂಕಿಗೋ ಸುಮ್ನೆ ಮೊಬೈಲ್ ಹಿಡಿದು ನುಗ್ಗಬೇಡಿ. ಮೊದಲು ಮ್ಯಾನೇಜರಿಗೆ ಒಂದು ಪತ್ರ ಕೊಡಿ.