ಕನ್ನಡದಾಗ ಅಂದ ಕೂಡ್ಲೆ ಸಣ್ಣ ಕೋರ್ಸ್ ಯಾಕ್ರಿ?

ಹೋದ ರವಿವಾರ ಆರಾಧನೆ ಮುಗದ ಮ್ಯಾಲೆ ನಮ್ಮ ಚರ್ಚಿನ ನೋಟಿಸ್ ಬೋರ್ಡಿಗೆ ಸೆಮಿನರಿಯ, ಅಂದ್ರ ಸಭಾಪಾಲಕರನ್ನ (ಪಾಸ್ಟರ್‌ಗಳನ್ನ) ತಯಾರ್ ಮಾಡೋ ಕಾಲೇಜಿನ, ಹೊಸಾ ಸುದ್ದಿಪತ್ರ ಹಚ್ಚಿದ್ರು, 4 ಹಾಳಿ. ಎಲ್ಲಾರೂ ಚಪ್ಪಲ್ ಹುಡಿಕ್ಕೊಂಡು ಹೊರಗ ಹೊಂಟಾಗ ನಾ ಅಲ್ಲೇ ನಿಂತು ಪೂರ್ತಿ ಓದಿದೆ, ಮೊಬೈಲ್‌ನ್ಯಾಗ ಫೋಟೋನೂ ಹೊಡ್ಕೊಂಡೆ. ಅವತ್ತಿಂದ ದಿನಾ ರಾತ್ರಿ ಅಡಗಿ ಕೆಲಸ ಮುಗದ ಮ್ಯಾಲೆ ಆ ಫೋಟೋ ತಗದು ಮತ್ತ ಮತ್ತ ಓದಾಕತ್ತೀನಿ. ಮನಸ್ಸಿನಾಗ ಇಟ್ಕೊಂಡು ಕುಂದ್ರೂದಕ್ಕಿಂತ ಬರದ ಬಿಡೂದು ಚಲೋ ಅನಿಸ್ತು, ಉದ್ದ ಆಗತೈತಿ, ದಯವಿಟ್ಟು ಪೂರ್ತಿ ಓದ್ರಿ.

ಚಲೋ ಸುದ್ದಿ ಮೊದಲ ಹೇಳ್ತೀನಿ. ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಹೊಸಾ ರೂಮ್ ಕಟ್ಟಿಸ್ಯಾರ. ಭಾಳ ವರ್ಷ ಬೈಬಲ್ಲಿನ ಹಳೇ ಒಡಂಬಡಿಕೆ ಕಲಿಸಿದ ಗುರುಗಳು ಒಬ್ಬರು ರಿಟೈರ್ ಆಗಿ ತಮ್ಮ ಪುಸ್ತಕ ಎಲ್ಲಾ ಲೈಬ್ರರಿಗೆ ಕೊಟ್ಟಾರ. ಹಳ್ಳಿ ಸಭಾಪಾಲಕರಿಗೆ ಅಂತ ಸೂಟಿಯೊಳಗ 10 ದಿನದ ತರಬೇತಿ ಇಟ್ಟಾರ, ಊಟ ವಸ್ತಿ ಅವರದ. ಇದಕ್ಕೆಲ್ಲಾ ದೇವರಿಗೆ ಸ್ತೋತ್ರ, ಮಾಡಿದವರಿಗೂ ಕೈ ಮುಗೀತೀನಿ.

ಮೂರನೇ ಹಾಳಿಯೊಳಗ ಕೋರ್ಸಿನ ಪಟ್ಟಿ ಐತಿ. ನನ್ನ ಸಂಕಟ ಅಲ್ಲೇ ಶುರು ಆತು. ಮ್ಯಾಲೆ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ದೇವಶಾಸ್ತ್ರದ ಡಿಗ್ರಿ), ಬ್ಯಾರೆ ಡಿಗ್ರಿ ಆದವರಿಗೆ 4 ವರ್ಷ, ಮಾಧ್ಯಮ ಇಂಗ್ಲಿಷ್. ಅದರಾಗ ಬೈಬಲ್ಲಿನ ಮೂಲಭಾಷೆ ಹೀಬ್ರೂ, ಗ್ರೀಕ್, ಸಭಾಚರಿತ್ರೆ, ದೇವಶಾಸ್ತ್ರ, ಬ್ಯಾರೆ ಧರ್ಮಗಳ ಅಧ್ಯಯನ, ಕೌನ್ಸೆಲಿಂಗ್ ಎಲ್ಲಾ ಬರ್ತಾವ. ಅದರ ಕೆಳಗ ಸರ್ಟಿಫಿಕೇಟ್ ಕೋರ್ಸ್, 1 ವರ್ಷ, ಮಾಧ್ಯಮ ಕನ್ನಡ. ಅದರಾಗ ಸತ್ಯವೇದ (ಬೈಬಲ್) ಪರಿಚಯ, ಪ್ರಸಂಗ ಮಾಡೂದು, ಮನಿ ಭೇಟಿ, ಹಾಡು. ಮುಗೀತು. ಅಂದ್ರ ಕನ್ನಡದಾಗ ಕಲಿಯೋರಿಗೆ ಮೂಲಭಾಷೆ ಬ್ಯಾಡ, ಚರಿತ್ರೆ ಬ್ಯಾಡ, ಕಷ್ಟದ ಪ್ರಶ್ನಿ ಯಾವುದೂ ಬ್ಯಾಡ ಅಂತ ಯಾರೋ ಮೊದಲ ತೀರ್ಮಾನ ಮಾಡಿಬಿಟ್ಟಾರ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿಲ್ಲ, ನನಗ ಗೊತ್ತು, ಆದ್ರ ಇದು ತಪ್ಪು.

ನಾನು ಬೆಳಗಾವಿಯೊಳಗ ಹೈಸ್ಕೂಲ್ ಹುಡುಗೂರಿಗೆ ಕನ್ನಡ ಕಲಸ್ತೀನಿ, ತವರು ಗುಳೇದಗುಡ್ಡ. ಅಪ್ಪ ಸುವಾರ್ತಿಕರಾಗಿದ್ರು. ನನ್ನ ತಮ್ಮ ಹತ್ತನೇತ್ತಾ, ಪಿಯುಸಿ, ಬಿ.ಎ. ಎಲ್ಲಾ ಕನ್ನಡ ಮೀಡಿಯಂನ್ಯಾಗ ಓದಿ ಒಂದು ಸೆಮಿನರಿಗೆ ಹೋದ. ಹೆಸರು ಬ್ಯಾಡ, ಈಗ ಅಲ್ಲಿ ಮಂದಿನೂ ಬ್ಯಾರೆ. ಅಪ್ಪ ಹೊಸಾ ಟ್ರಂಕ್ ಕೊಡಿಸಿದ್ರು, ಅದರ ಮ್ಯಾಲೆ ಬಿಳೇ ಬಣ್ಣದಾಗ ಅವನ ಹೆಸರು ಬರಿಸಿದ್ರು. ಹುಡುಗ ಹೀಬ್ರೂ ಅಕ್ಷರ ಎರಡು ವಾರದಾಗ ಕಲ್ತಿದ್ದ, ಸೂಟಿಗೆ ಬಂದಾಗ ನನಗೂ ಬರದು ತೋರಿಸ್ತಿದ್ದ, ಉರ್ದು ಹಂಗ ಬಲಗಡೆಯಿಂದ ಎಡಗಡೆಗೆ ಬರೀತಾರ ನೋಡಕ್ಕಾ ಅಂತ. ಆದ್ರ ದೇವಶಾಸ್ತ್ರದ ಪೇಪರ್, ಚರಿತ್ರೆಯ ಪೇಪರ್ ಎಲ್ಲಾ ಇಂಗ್ಲಿಷ್‌ನ್ಯಾಗ ಬರೀಬೇಕು, ಕ್ಲಾಸಿನಾಗ ಎದ್ದು ನಿಂತು ಇಂಗ್ಲಿಷ್‌ನ್ಯಾಗ ಮಾತಾಡಬೇಕು. "ಅಕ್ಕಾ, ಉತ್ತರ ಗೊತ್ತಿರತೈತಿ, ಹೇಳಾಕ ಬರಂಗಿಲ್ಲ, ಬಾಜೂಕ ಕುಂತಾವ ನನಗಿಂತ ಕಮ್ಮಿ ಓದ್ಯಾನ, ಅವನ ಎದ್ದು ಹೇಳಿಬಿಡ್ತಾನ" ಅಂತ ಫೋನ್‌ನ್ಯಾಗ ಅತ್ತಿದ್ದ. ಒಂದೂವರೆ ವರ್ಷಕ್ಕ ಅದೇ ಟ್ರಂಕ್ ಹೊತ್ಕೊಂಡು ವಾಪಸ್ ಬಂದ. ಅಪ್ಪ ಒಂದು ಮಾತೂ ಬೈಲಿಲ್ಲ. ಟ್ರಂಕ್ ಒಳಗ ತಗೊಂಡು ಹೋಗಿ ಮಂಚದ ಕೆಳಗ ಸರಿಸಿ ಇಟ್ರು, ಅಷ್ಟ.

ಈಗ ಅವ ಬಾಗಲಕೋಟೆ ನವನಗರದಾಗ ಜೆರಾಕ್ಸ್ ಅಂಗಡಿ ಇಟ್ಟಾನ. ರವಿವಾರ ಸಭಾಪಾಲಕರು ಬ್ಯಾರೆ ಊರಿಗೆ ಹೋದಾಗ ಪ್ರಸಂಗ ಇವನ ಮಾಡ್ತಾನ. ನವನಗರ ಅಂದ್ರ ನಿಮಗ ಗೊತ್ತಲ್ಲ, ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಮನಿ ಕಳಕೊಂಡ ಮಂದಿ ಬಂದು ನೆಲಿ ನಿಂತ ಊರು. ಒಂದ್ಸಲ 137ನೇ ಕೀರ್ತನೆ ಮ್ಯಾಲೆ ಮಾತಾಡಿದ. ಸೆರೆ ಹೋದ ಮಂದಿ ಬಾಬೆಲಿನ ನದಿ ದಂಡಿಗೆ ಕುಂತು ತಮ್ಮ ಊರು ನೆನಸಿಕೊಂಡು ಅಳೂದು ಐತಲ್ಲ, ಆ ಕೀರ್ತನೆ. ಪುಸ್ತಕ ಮುಚ್ಚಿ ಸಭೆಗೆ ಒಂದ ಪ್ರಶ್ನಿ ಕೇಳಿದ, "ನಿಮ್ಮ ಮುಳುಗಡೆ ಆದ ಮನಿ ಬಾಗಲಾ ಯಾವ ದಿಕ್ಕಿಗಿತ್ತು?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮ್ಯಾಲೆ ಹಿಂದ ಕುಂತ ಒಬ್ಬ ಕಾಕಾ ಮೂಡಣಕ್ಕ ಅಂದ್ರು, ಒಬ್ಬ ಅಮ್ಮ ತಮ್ಮ ಬಾಗಲದ ಮುಂದ ಬೇವಿನ ಗಿಡ ಇತ್ತು ಅಂದ್ಲು, ಒಬ್ಬರಾದ ಮ್ಯಾಲೆ ಒಬ್ಬರು ಹೇಳಾಕತ್ರು, ಆರಾಧನೆ ಮುಗಿಯೂದು ಒಂದು ತಾಸು ತಡ ಆತು. ಇಂಥಾ ಹುಡುಗನ್ನ ನಾವು ವಾಪಸ್ ಕಳಿಸಿದ್ವಿ, ಭಾಷೆ ಒಂದರ ಸಲುವಾಗಿ.

ಇನ್ನೊಂದು ಕಣ್ಣಾರೆ ಕಂಡಿದ್ದು. ಹ್ವಾದ ವರ್ಷ ತವರಿಗೆ ಹೋದಾಗ ಗುಳೇದಗುಡ್ಡದ ಹತ್ರ ಒಂದು ಹಳ್ಳಿಯೊಳಗ ಮನಿ ಪ್ರಾರ್ಥನಾ ಕೂಟಕ್ಕ ಅವ್ವನ ಜೋಡಿ ಹೋಗಿದ್ದೆ. ಸೆಮಿನರಿಯಿಂದ ಪ್ರಾಕ್ಟಿಕಲ್‌ಗೆ ಬಂದ ಹುಡುಗ ಸತ್ಯವೇದದಾಗಿನ ರೂತಳ ಪುಸ್ತಕ ಹೇಳಿಕೊಡಾಕತ್ತಿದ್ದ, ಗಂಡ ಸತ್ತ ಮ್ಯಾಲೆ ಅತ್ತಿ ಜೋಡಿ ಬಂದ ಬಡ ಹೆಣ್ಣಮಗಳ ಕತಿ ಅದು. ಪಾಪ, ನೋಟ್ಸ್ ಇಂಗ್ಲಿಷ್‌ನ್ಯಾಗ ಬರ್ಕೊಂಡು ಬಂದಿದ್ದ, ಅಲ್ಲೇ ಮನಸ್ಸಿನಾಗ ಕನ್ನಡ ಮಾಡ್ಕೊಂಡು ಹೇಳ್ತಿದ್ದ. "ರೂತಳು ಕೊಯ್ಲಿನ ನಂತರ ಉಳಿದ ತೆನೆಗಳನ್ನು ಸಂಗ್ರಹಿಸುವ ಕಾರ್ಯದಲ್ಲಿ ತೊಡಗಿದಳು" ಅಂದ. ಮುಂದ ಕುಂತಿದ್ದ ಒಬ್ಬ ಆಯಿ, ಎಪ್ಪತ್ತರ ಮ್ಯಾಲೆ ವಯಸ್ಸು, "ಹಕ್ಕಲ ಆರಿಸಾಕ ಹೋದ್ಲು ಅನ್ರಿ ಅಯ್ಯಾರ" ಅಂದ್ಲು. ಸತ್ಯವೇದದಾಗೂ ಇರೂದು ಅದೇ ಮಾತು, ಹಕ್ಕಲಾಯೂದು. ಹುಡುಗ ನಾಚಿಕೊಂಡು ಹೌದು ಆಯಿ ಅಂದ. ಮುಂದ, ರೂತಳು ಸಂಜಿತನಾ ಆರಿಸಿ ಬಡದು ನೋಡಿದ್ರ ಒಂದು ಏಫದಷ್ಟು ಜವೆಗೋದಿ ಆತು, ಅಂದ್ರ ಸುಮಾರು 22 ಲೀಟರ್ ಅಂತ ಹೇಳಿದ. ಆಯಿ ಸುಮ್ನ ಕುಂದ್ರಲಿಲ್ಲ. "ಅಷ್ಟು ಆಗಂಗಿಲ್ರಿ. ನಾ ಸಣ್ಣಾಕಿದ್ದಾಗಿಂದ ಶೇಂಗಾ ಹೊಲದಾಗ, ಜ್ವಾಳದ ಹೊಲದಾಗ ಹಕ್ಕಲ ಆರಿಸೀನಿ, ಬೆಳತನಾ ಬಗ್ಗಿ ಆರಿಸಿದ್ರೂ ಉಡಿ ತುಂಬಂಗಿಲ್ಲ. ಆಕಿಗೆ ಯಾರೋ ಬೇಕಂತ ಬಿಟ್ಟಾರ ನೋಡ್ರಿ" ಅಂದ್ಲು. ಹುಡುಗ ಒಂದು ವಚನ ಹಿಂದ ಹೋಗಿ ಓದಿದ. 2ನೇ ಅಧ್ಯಾಯ 16ನೇ ವಚನ. ಹೊಲದ ಮಾಲಕ ಬೋವಜ ತನ್ನ ಆಳುಗಳಿಗೆ, ಸಿವುಡಿನಿಂದ ಕೆಲವು ತೆನಿ ಆಕಿ ಸಲುವಾಗಿ ಹಿರಿದು ಬಿಡ್ರಿ, ಆಕಿನ್ನ ಗದರಿಸಬ್ಯಾಡ್ರಿ ಅಂತ ಹೇಳಿದ್ದು ಅಲ್ಲೇ ಐತಿ. ಓದಾಕ ಬರದ ಆಯಿ ಆ ವಚನ ತನ್ನ ನಡುನೋವಿನಿಂದ ಕಂಡುಹಿಡಿದಿದ್ಲು. ನಾ ಅವ್ವನ ಕೈ ಗಟ್ಟಿ ಹಿಡ್ಕೊಂಡೆ.

ಈಗ ಹೇಳ್ರಿ, ಆ ಹುಡುಗನಿಗೆ ಹೀಬ್ರೂ ಕನ್ನಡದಾಗ ಕಲಿಸಿದ್ರ ಏನ್ ಆಕ್ಕಿತ್ತು? ರೂತಳ ಪುಸ್ತಕದಾಗ ಹೆಸೆದ್ ಅನ್ನೋ ಹೀಬ್ರೂ ಮಾತು 3 ಸಲ ಬರತೈತಿ, ದಯೆ, ಕೃಪೆ, ಸಂಬಂಧ ಉಳಿಸಿಕೊಳ್ಳೂದು ಎಲ್ಲಾ ಸೇರಿದ ಒಂದು ಮಾತು ಅದು. ಇಂಗ್ಲಿಷ್ ಪುಸ್ತಕದಾಗಿನ ವಿವರಣೆ ಬಾಯಿಪಾಠ ಮಾಡೂದು ಬ್ಯಾರೆ, ಬೇಕಂತ ತೆನಿ ಬಿಡೂದು ಅಂತ ಆ ಆಯಿಯಿಂದ ತಿಳಕೊಳ್ಳೂದು ಬ್ಯಾರೆ.

ಕನ್ನಡ ಟೀಚರ್ ಆಗಿ ಇನ್ನೊಂದು ಮಾತು, ಇದನ್ನ ದಯವಿಟ್ಟು ಸೆಮಿನರಿಯವರು ಓದ್ಲಿ. ಹೀಬ್ರೂ, ಗ್ರೀಕ್ ಕಲಿಯಾಕ ಕನ್ನಡ ಅಡ್ಡಿ ಅಲ್ಲ, ಮೆಟ್ಟಲ. ಹೀಬ್ರೂವಿನಾಗ ಹಾಲಖ್ ಅಂದ್ರ ಹೋದನು, ಹಾಲ್ಖಾ ಅಂದ್ರ ಹೋದಳು. ಗಂಡೋ ಹೆಣ್ಣೋ ಕ್ರಿಯಾಪದದಾಗ ಗೊತ್ತಾಗತೈತಿ. ನಮ್ಮ ಒಂದನೇತ್ತಾ ಕೂಸಿಗೂ ಹೋದನು ಹೋದಳು ಫರಕ್ ಗೊತ್ತು, ಇಂಗ್ಲಿಷ್‌ನ್ಯಾಗ ಈ ಫರಕ್ ಇಲ್ಲ. ಗ್ರೀಕ್‌ನ್ಯಾಗ ನಾಮಪದದ ಕೊನಿ ಬದಲಾಗತೈತಿ, ಕರ್ತೃ ಯಾರು, ಯಾರನ್ನ, ಯಾರಿಗೆ, ಯಾರ ಅನ್ನೂದು ಆ ಕೊನಿಯಿಂದ ತಿಳೀತೈತಿ. ಇದು ನಮ್ಮ ವಿಭಕ್ತಿ ಪ್ರತ್ಯಯ ಅಲ್ಲೇನ್ರಿ? ಉ, ಅನ್ನು, ಇಂದ, ಗೆ ಅಂತ ಹೈಸ್ಕೂಲಿನಾಗ ನಾ ದಿನಾ ಕಲಸ್ತೀನಿ. ವಿಭಕ್ತಿ ಬಲ್ಲ ಹುಡುಗನ್ನ ಮೊದಲ ಇಂಗ್ಲಿಷಿಗೆ ಒಯ್ದು ಅಲ್ಲಿಂದ ಗ್ರೀಕ್‌ಗೆ ಒಯ್ಯೂದು ಅಂದ್ರ ಬೆಳಗಾವಿಯಿಂದ ಗೋಕಾಕಕ್ಕ ಹೋಗಾಕ ಹುಬ್ಬಳ್ಳಿ ಬಸ್ ಹತ್ತಿಸಿದಂಗ.

ಕನ್ನಡದಾಗ ಪುಸ್ತಕ ಇಲ್ಲ ಅಂತೀರಿ. ಇರಲಿಕ್ಕಿಲ್ಲ, ಬೇಕಾದಷ್ಟು ಇಲ್ಲ ಅನ್ನೂದು ಖರೇ. ಆದ್ರ ಇದೇ ನಾಡಿಗೆ ಬಂದ ಮಿಷನರಿಗಳ ಮುಂದ ಏನ್ ಇತ್ತು? ಬಳ್ಳಾರಿಯೊಳಗ ಜಾನ್ ಹ್ಯಾಂಡ್ಸ್ ಕುಂತು ಸತ್ಯವೇದ ಕನ್ನಡಕ್ಕ ತಂದಾಗ ಕೈಗೆ ಸರಿಯಾದ ನಿಘಂಟೂ ಇರಲಿಲ್ಲ. ಬಳ್ಳಾರಿಯಿಂದ 1820ರಾಗ ಜೋಸೆಫ್ ಟೇಲರ್ ನಮ್ಮ ಬೆಳಗಾವಿಗೆ ಬಂದ್ರು, ಆಮ್ಯಾಲೆ ವಿಲಿಯಂ ಬೆಯ್ನನ್ ಬಂದ್ರು, ಅವರ ಹೆಸರಿನ ಬೆಯ್ನನ್ ಸ್ಮಿತ್ ಹೈಸ್ಕೂಲ್ ಇವತ್ತಿಗೂ ಊರಾಗ ಐತಿ. ಬಾಸೆಲ್ ಮಿಷನ್‌ನವರು 1834ಕ್ಕ ಮಂಗಳೂರಿಗೆ ಬಂದು, 1837ಕ್ಕ ಧಾರವಾಡ, 1851ಕ್ಕ ನಮ್ಮ ಗುಳೇದಗುಡ್ಡ ಮುಟ್ಟಿದ್ರು. ಅವರೊಳಗಿನ ಮೋಗ್ಲಿಂಗ್ 1843ರಾಗ ಮಂಗಳೂರ ಸಮಾಚಾರ ತಗದ್ರು, ಕನ್ನಡದ ಮೊದಲ ಪತ್ರಿಕೆ. ಅದೇ ಮನುಷ್ಯಾ ಹುಡುಗೂರನ್ನ ಸುವಾರ್ತೆ ಸೇವೆಗೆ ತಯಾರ್ ಮಾಡೋ ಸೆಮಿನರಿನೂ ನಡೆಸಿದ್ರು. ಕಿಟ್ಟೆಲ್ ಸುಮಾರು 70,000 ಶಬ್ದದ ನಿಘಂಟು ಮಾಡಿ ಮುಗಿಸಿದ್ದು 1894ರಾಗ. ಜರ್ಮನಿಯಿಂದ ಬಂದವರು ನಮ್ಮ ಭಾಷೆಗೆ ಇಷ್ಟು ಬೆಲೆ ಕೊಟ್ರು. ಅವರು ಹಾಕಿದ ಬುನಾದಿ ಮ್ಯಾಲೆ ಕುಂತ ನಾವು ಕನ್ನಡಕ್ಕ 1 ವರ್ಷದ ಸರ್ಟಿಫಿಕೇಟ್ ಸಾಕು ಅಂತೀವಿ.

ಬಂಗಾಳದ ಸೆರಾಂಪುರದ ಕತಿನೂ ಹಂಗ ಐತಿ. ನಮ್ಮ ಬಿ.ಡಿ. ಬಂದದ್ದು ಅಲ್ಲಿಂದ. ಚಪ್ಪಲಿ ಹೊಲಿಯೋ ಕೆಲಸ ಮಾಡ್ತಿದ್ದ ವಿಲಿಯಂ ಕೇರಿ ತನ್ನ ಜೊತಿಯವರ ಕೂಡ 1818ರಾಗ ಕಾಲೇಜ್ ಶುರು ಮಾಡಿದ್ರು, 1827ರಾಗ ಡೆನ್ಮಾರ್ಕಿನ ರಾಜಾ ಡಿಗ್ರಿ ಕೊಡೋ ಸನ್ನದು ಕೊಟ್ಟ. ಈ ದೇಶದ ಭಾಷೆಗಳಿಗೆ ಸತ್ಯವೇದ ತರೂದರಾಗ ಜೀವಮಾನ ಸವೆಸಿದ ಮನುಷ್ಯಾ ಕೇರಿ. ಅವರ ಕಾಲೇಜಿನ ಹೆಸರಿನ ಡಿಗ್ರಿ ನಮ್ಮ ಹಳ್ಳಿ ಹುಡುಗನಿಗೆ ಭಾಷೆಯ ಸಲುವಾಗಿ ಸಿಗಲಿಲ್ಲ ಅಂದ್ರ ಎಲ್ಲೋ ದಾರಿ ತಪ್ಪೇವಿ.

ಇಂಗ್ಲಿಷ್ ಬ್ಯಾಡ ಅಂತ ನಾ ಹೇಳಾಕತ್ತಿಲ್ಲ, ದಯವಿಟ್ಟು ಹಂಗ ತಿಳಕೊಬ್ಯಾಡ್ರಿ. ಮುಂದ ಎಂ.ಟಿಎಚ್. (ಬಿ.ಡಿ. ಆದ ಮ್ಯಾಲಿನ ಡಿಗ್ರಿ) ಮಾಡೋರಿಗೆ, ಲೈಬ್ರರಿ ಪುಸ್ತಕ ಓದೋರಿಗೆ ಇಂಗ್ಲಿಷ್ ಬೇಕ ಬೇಕು, ಭಾಷೆಯಾಗಿ ಚಲೋ ಕಲಿಸ್ರಿ. ಆದ್ರ ಕನ್ನಡದಾಗ ಉತ್ತರ ಬರೀತೀನಿ ಅನ್ನೋನಿಗೆ ಬರಿಯಾಕ ಬಿಡ್ರಿ, ಅವನ ಕೈಯಾಗೂ ಅದೇ ಡಿಗ್ರಿ ಕೊಡ್ರಿ. ಕನ್ನಡದ ಸರ್ಟಿಫಿಕೇಟ್ ಕೋರ್ಸಿಗೂ ಈ ವರ್ಷ ಹೀಬ್ರೂ ಒಂದು ಪೇಪರ್ ಹಾಕಿ ನೋಡ್ರಿ, ಸಭಾಚರಿತ್ರೆ ಒಂದು ಹಾಕ್ರಿ. ಕೌನ್ಸೆಲಿಂಗ್ ಅಂತೂ ಬೇಕ ಬೇಕು. 2019ರ ಹೊಳಿ ಬಂದಾಗ ನಮ್ಮ ಕಡೆ ಎಷ್ಟು ಮನಿ ಬಿದ್ದು, ಆವಾಗ ಸಭಾಪಾಲಕರು ಅಕ್ಕಿ ಚಾದರ ಹಂಚಿದ್ರು, ಪ್ರಾರ್ಥನೆ ಮಾಡಿದ್ರು, ಆಮ್ಯಾಲೆ ರಾತ್ರಿ ನಿದ್ದಿ ಬರದ ಮಂದಿ ಜೋಡಿ ಹೆಂಗ ಮಾತಾಡಬೇಕು ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ವಿಜಯಪುರ ಕಡೆಯಿಂದ ಗೋವಾಕ್ಕ, ಬೆಂಗಳೂರಿಗೆ ಗುಳೆ ಹೋಗೋ ಕುಟುಂಬಗಳು ಅದಾವ, ಸಾಲ ಐತಿ, ಕುಡಿತ ಐತಿ. ಇವನ್ನೆಲ್ಲಾ ಅಳುಕೋತ ಹೇಳ್ಕೊಳ್ಳೂದು ಕನ್ನಡದಾಗ, ಕೌನ್ಸೆಲಿಂಗ್ ಪೇಪರ್ ಇರೂದು ಇಂಗ್ಲಿಷ್‌ನ್ಯಾಗ.

ಎಲ್ಲಾರೂ ಹಾಸ್ಟೆಲ್‌ನ್ಯಾಗ ಬಂದು ಇರಾಕ ಆಗೂದಿಲ್ಲ ಅನ್ನೂದೂ ಐತಿ. ನನ್ನ ತಮ್ಮ ಅಂಗಡಿ ಮುಚ್ಚಿ ಹೋದ್ರ ಮನಿ ನಡಿಯಂಗಿಲ್ಲ. 1963ರಾಗ ಗ್ವಾಟೆಮಾಲಾದಾಗ ಒಂದು ಸೆಮಿನರಿಗೆ ಇದೇ ತ್ರಾಸ ಬಂದಿತ್ತು, ಹಳ್ಳಿ ಸಭೆ ನಡೆಸೋ ಮಂದಿ ಹೊಲಾ ಮನಿ ಬಿಟ್ಟು ಬರಾಕ ಆಗ್ತಿರಲಿಲ್ಲ. ಅವರು ಪಾಠಾನ ಮಂದಿ ಇದ್ದಲ್ಲಿಗೆ ಒಯ್ದ್ರು. ಮನಿಯೊಳಗ ಓದೂದು, ಗುರುಗಳು ಆಗಾಗ ಅಲ್ಲಿಗೇ ಬಂದು ಕುಂತು ಚರ್ಚಾ ಮಾಡೂದು. ನಮ್ಮ ದೇಶದಾಗ 1971ರಿಂದ ಬೆಂಗಳೂರಿನ ಟಾಫ್ಟೀ (TAFTEE) ಅನ್ನೋ ಸಂಸ್ಥೆ ಇದೇ ಹಾದಿಯೊಳಗ ನಡದೈತಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ತಿಂಗಳಿಗೆ ಎರಡು ಶನಿವಾರ ಒಂದು ಚರ್ಚ್ ಹಾಲ್ ಸಿಗಂಗಿಲ್ಲೇನು?

ಹೆಣ್ಣುಮಕ್ಕಳ ಬಗ್ಗೆ ಒಂದ ಮಾತು. ಹೊಸಾ ರೂಮ್ ಕಟ್ಟಿದ್ದು ಚಲೋ ಆತು. 2013ರಾಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಮೊದಲ ಮಹಿಳಾ ಬಿಷಪ್ ಆಗಿ ಪುಷ್ಪಲಲಿತಾ ಅವರು ನಂದ್ಯಾಲದಾಗ ಪಟ್ಟಕ್ಕ ಬಂದಾಗ ನಮ್ಮ ಸ್ತ್ರೀ ಸಮಾಜದವರು ಎಷ್ಟು ಸಂತೋಷ ಪಟ್ಟಿದ್ರು. ಆದ್ರ ಸುದ್ದಿಪತ್ರದಾಗ ಅಮ್ಮನವರಿಗೆ, ಅಂದ್ರ ಸಭಾಪಾಲಕರ ಹೆಂಡ್ರಿಗೆ, ಅಂತ ಇಟ್ಟ ತರಗತಿ ನೋಡ್ರಿ, ಹೊಲಿಗಿ, ಸಂಡೇ ಸ್ಕೂಲ್, ಅಷ್ಟ. ಸಭಾಪಾಲಕರ ಹೆಂಡ್ತಿ ಅಂದ್ರ ಊರಿನ ಅರ್ಧ ಸಂಕಟ ಮೊದಲ ಬಂದು ಮುಟ್ಟೂದು ಆಕಿ ಅಡಗಿಮನಿಗೆ. ಆಕಿಗೂ ಪೂರ್ತಿ ಪಾಠ ಬೇಕು.

ಇದನ್ನೆಲ್ಲಾ ಒಂದು ಪತ್ರ ಮಾಡಿ ಬರದೀನಿ, ಎರಡು ಹಾಳಿ ಆಗೈತಿ, ಸೆಮಿನರಿಯ ಪ್ರಾಂಶುಪಾಲರಿಗೆ ಮತ್ತ ಸಭೆಯ ಹಿರಿಯರಿಗೆ. ವ್ಯಾಕರಣದ ಪಾಠ ಕನ್ನಡದಾಗ ತಯಾರ್ ಮಾಡಾಕ ಸಂಬಳ ಇಲ್ಲದ ನಾನು ಬರ್ತೀನಿ ಅಂತ ಕೊನಿಗೆ ಬರದೀನಿ, ಇನ್ನಿಬ್ಬರು ಕನ್ನಡ ಟೀಚರ್ ಒಪ್ಪ್ಯಾರ. ನಿನ್ನೆ ರಾತ್ರಿ ತಮ್ಮಗ ಫೋನ್ ಮಾಡಿ ಓದಿ ಹೇಳಿದೆ. ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ನಿದ್ದು, "ಅಕ್ಕಾ, ಆ ಹೀಬ್ರೂ ನೋಟ್‌ಬುಕ್ ಇನ್ನೂ ಟ್ರಂಕಿನಾಗ ಐತಿ, ನಾಳೆ ಅಂಗಡಿಗೆ ತರ್ತೀನಿ" ಅಂದ.

ಪತ್ರದ ಪ್ರತಿ ಚರ್ಚಿನ ವೆಸ್ಟ್ರಿಯೊಳಗ (ಸಭಾಪಾಲಕರು ತಯಾರ್ ಆಗೋ ಸಣ್ಣ ಕೋಣಿ) ಮೇಜಿನ ಮ್ಯಾಲೆ ಇಟ್ಟೀನಿ, ಬಾಜೂಕ ಪೆನ್ ಐತಿ. ಈ ರವಿವಾರ ಆರಾಧನೆ ಮುಗದ ಮ್ಯಾಲೆ ಓದ್ರಿ, ಒಪ್ಪಿಗಿ ಆದ್ರ ಸಹಿ ಹಾಕ್ರಿ. ಬಾಗಲಕೋಟೆ ಮಂದಿಗೆ ನನ್ನ ತಮ್ಮನ ಅಂಗಡಿಯೊಳಗೂ ಸಿಗತೈತಿ.